ದುಬಾರಿ ಆಲ್-ಇನ್-ಒನ್ ಡೆಸ್ಕ್‌ಟಾಪ್‌ಗಳು: ಬೆಲೆ ಯಾವುದಕ್ಕೆ, ಪರದೆ ಎಷ್ಟು ಕಾಲಕ್ಕೆ?

ಕನ್ನಡ ಪುಸ್ತಕಗಳ ಪುಟವಿನ್ಯಾಸ ಮತ್ತು ಕರಡು ತಿದ್ದುವಿಕೆ ನನ್ನ ಕಸುಬು. ದಿನದ ಬಹುಪಾಲು ಒಂಬತ್ತು, ಹತ್ತು ಪಾಯಿಂಟಿನ ಅಕ್ಷರಗಳನ್ನು ಪರದೆಯ ಮೇಲೆಯೇ ಓದಬೇಕಾದ್ದರಿಂದ ಡೆಸ್ಕ್‌ಟಾಪ್ ಕೊಳ್ಳುವಾಗ ನಾನು ಮೊದಲು ನೋಡುವುದು ಪರದೆಯನ್ನು. ಪ್ರೊಸೆಸರ್ ಆಮೇಲಿನ ಮಾತು. ಪರದೆಯೂ ಕಂಪ್ಯೂಟರೂ ಒಂದೇ ಒಡಲಿನಲ್ಲಿರುವ ದುಬಾರಿ ಆಲ್-ಇನ್-ಒನ್‌ಗಳು ನನ್ನನ್ನು ಬಹುಕಾಲದಿಂದ ಸೆಳೆಯುತ್ತ ಬಂದಿರುವುದೂ ಇದರಿಂದಲೇ. ಇಲ್ಲಿ ಹೋಲಿಸುತ್ತಿರುವುದು ನಾನು ನಿಜವಾದ ಕೆಲಸಕ್ಕೆ ಬಳಸಿ ನೋಡಿದ ನಾಲ್ಕು ಏರ್ಪಾಟುಗಳನ್ನು: ಆಪಲ್‌ನ 2020ರ 27 ಇಂಚಿನ ಐಮ್ಯಾಕ್, ಆಪಲ್‌ನದೇ ಎಂ4 ಚಿಪ್ ಇರುವ 2024ರ 24 ಇಂಚಿನ ಐಮ್ಯಾಕ್, ಎಚ್‌ಪಿಯ ಎನ್ವಿ 34, ಹಾಗೂ ಆಲ್-ಇನ್-ಒನ್ ಅಲ್ಲದಿದ್ದರೂ ಅವುಗಳಿಗೆ ನೇರ ಎದುರಾಳಿಯಾಗಿ ನಿಂತಿರುವ ಮ್ಯಾಕ್ ಮಿನಿ ಎಂಬ ಪರದೆಯಿಲ್ಲದ ಪುಟ್ಟ ಕಂಪ್ಯೂಟರ್ ಮತ್ತು ಪ್ರತ್ಯೇಕ 5ಕೆ (ಅಡ್ಡಕ್ಕೆ ಐದು ಸಾವಿರಕ್ಕೂ ಹೆಚ್ಚು ಪಿಕ್ಸೆಲ್‌ಗಳ) ಮಾನಿಟರ್.

ಇಂಥ ಕಂಪ್ಯೂಟರುಗಳ ಬೆಲೆ ಏರಿದೆ ಎಂಬ ದೂರನ್ನು ಒಪ್ಪುವ ಮೊದಲು ಅದು ಎಲ್ಲಿ ಏರಿದೆ ಎಂಬುದನ್ನು ಬಿಡಿಸಿ ನೋಡಬೇಕು. 1998ರಲ್ಲಿ ಬಂದ ಮೊದಲ ಐಮ್ಯಾಕ್‌ಗೆ ಅಮೆರಿಕದಲ್ಲಿ 1,299 ಡಾಲರ್ ಬೆಲೆಯಿತ್ತು. 2021ರ ಎಂ1, 2023ರ ಎಂ3 ಮತ್ತು 2024ರ ಎಂ4 ಐಮ್ಯಾಕ್‌ಗಳ ಆರಂಭಿಕ ಬೆಲೆಯೂ ಅಷ್ಟೇ. ಹಣದುಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಲ್ಲಿನವರಿಗೆ ಅದು ಅಗ್ಗವೇ ಆಗಿದೆ. ನಮಗೆ ಹಾಗಾಗಲಿಲ್ಲ. ಎಂ1 ಐಮ್ಯಾಕ್ ಭಾರತದಲ್ಲಿ 1,19,900 ರೂಪಾಯಿಗೆ ಬಂದರೆ ಎಂ3 ಮತ್ತು ಎಂ4 ಮಾದರಿಗಳು 1,34,900ಕ್ಕೆ ಬಂದವು. ಇದನ್ನು ಕಂಪನಿಯ ದುರಾಸೆ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ: 2021ರಲ್ಲಿ ಡಾಲರಿಗೆ 75 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ 2023ರ ಕೊನೆಗೆ 83 ದಾಟಿತ್ತು, ಅದರ ಮೇಲೆ ಶೇ 18ರ ಜಿಎಸ್‌ಟಿಯನ್ನು ಸೇರಿಸಿದರೆ ಎರಡೂ ಬೆಲೆಗಳು ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ. ಜೊತೆಗೆ ಎಂ4 ಮಾದರಿಯಲ್ಲಿ ಮೂಲ ಮೆಮೊರಿ 8 ಜಿಬಿಯಿಂದ 16 ಜಿಬಿಗೆ ಏರಿತು. ಹಿಂದಿನ ಮಾದರಿಯಲ್ಲಿ ಅದೇ 16 ಜಿಬಿಗೆ 20,000 ರೂಪಾಯಿ ಹೆಚ್ಚು ತೆರಬೇಕಿತ್ತು.

ನಿಜವಾದ ಏರಿಕೆ ಆಗಿರುವುದು ದೊಡ್ಡ ಪರದೆಯಲ್ಲಿ. 2014ರ ಅಕ್ಟೋಬರಿನಲ್ಲಿ 5ಕೆ ಪರದೆಯ ಐಮ್ಯಾಕ್ 2,499 ಡಾಲರಿಗೆ ಬಂದು, ಮರುವರ್ಷವೇ 1,799ಕ್ಕೆ ಇಳಿದು, ಆ ದರದಲ್ಲೇ ವರ್ಷಗಟ್ಟಲೆ ನಿಂತಿತು. 2022ರ ಮಾರ್ಚಿನಲ್ಲಿ ಆಪಲ್ ಆ ಮಾದರಿಯನ್ನು ನಿಲ್ಲಿಸಿ, ಅದೇ ಅಳತೆಯ, ಅದೇ 5120×2880 ಪಿಕ್ಸೆಲ್‌ಗಳ ಸ್ಟುಡಿಯೊ ಡಿಸ್‌ಪ್ಲೇಯನ್ನು ಬರಿಯ ಮಾನಿಟರ್ ಆಗಿ 1,599 ಡಾಲರಿಗೆ ತಂದಿತು. ಭಾರತದಲ್ಲಿ 1,59,900 ರೂಪಾಯಿ. ಅಂದರೆ ಒಂದು ಕಾಲದಲ್ಲಿ ಇಡೀ ಕಂಪ್ಯೂಟರಿಗೆ ಕೊಡುತ್ತಿದ್ದ ಹಣದ ಬಹುಪಾಲು ಈಗ ಪರದೆಯೊಂದಕ್ಕೇ ಹೋಗುತ್ತದೆ. ಅದರ ಪಕ್ಕಕ್ಕೆ 2024ರಲ್ಲಿ 59,900 ರೂಪಾಯಿಗೆ ಬಂದ ಎಂ4 ಮ್ಯಾಕ್ ಮಿನಿಯನ್ನಿಟ್ಟರೆ ಮೊತ್ತ 2,19,800 ಆಗುತ್ತಿತ್ತು. ಕೀಬೋರ್ಡು, ಮೌಸ್ ಬೇರೆ. ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್ ಬೇಕೆಂದರೆ ಅಮೆರಿಕದಲ್ಲೂ 400 ಡಾಲರ್ ಹೆಚ್ಚು ಕೊಡಬೇಕಾಗಿತ್ತು. ಒಂದು ಕಂಬ ಮೇಲೆ ಕೆಳಗೆ ಸರಿಯುವುದಕ್ಕೆ ಅಷ್ಟು ಹಣವೇ ಎಂಬ ಪ್ರಶ್ನೆಗೆ ನನಗೆ ಇಂದಿಗೂ ಉತ್ತರ ಹೊಳೆದಿಲ್ಲ.

ಆಪಲ್ ಮಾತ್ರ ಹೀಗೆ ಮಾಡಿತೆಂದಲ್ಲ. ಮೈಕ್ರೋಸಾಫ್ಟ್‌ನ ಸರ್ಫೇಸ್ ಸ್ಟುಡಿಯೊ 2016ರಲ್ಲಿ 2,999 ಡಾಲರಿಗೆ ಬಂದು, 2018ರಲ್ಲಿ 3,499ಕ್ಕೂ 2022ರಲ್ಲಿ 4,499ಕ್ಕೂ ಏರಿತು. ಚಿತ್ರ ಬರೆಯುವವರಿಗಾಗಿ ಮೇಜಿನ ಮೇಲೆ ಹೆಚ್ಚುಕಡಿಮೆ ಮಲಗುವಂತೆ ಬಾಗುತ್ತಿದ್ದ ಅದರ 28 ಇಂಚಿನ ಪರದೆ ಈ ವರ್ಗದ ಅತ್ಯಂತ ಸಾಹಸದ ವಿನ್ಯಾಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕೊನೆಯ ಮಾದರಿಯಲ್ಲಿ ಇಂಟೆಲ್‌ನ ಹನ್ನೆರಡನೆಯ ತಲೆಮಾರು ಬಂದಾದ ಮೇಲೂ ಹನ್ನೊಂದನೆಯ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರೇ ಇತ್ತು. ಅಪರೂಪದ ಪರದೆಯ ನಂಟಿನಲ್ಲಿ ಹಳೆಯ ಎಂಜಿನ್ನನ್ನೂ ಒಪ್ಪಿಕೊಳ್ಳಿ ಎಂಬ ಆ ಲೆಕ್ಕಾಚಾರ ಫಲಿಸಲಿಲ್ಲ. ಅದಕ್ಕೆ ಉತ್ತರಾಧಿಕಾರಿ ಬರಲಿಲ್ಲ. ನಾನು ಅದನ್ನು ಕೆಲಸಕ್ಕೆ ಬಳಸಿಲ್ಲವಾದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಇನ್ನು ಪರದೆಗಳ ವಿಚಾರ. ಲ್ಯಾಟಿನ್ ಲಿಪಿಗೆ ಸಾಕಾಗುವ ಪಿಕ್ಸೆಲ್ ಸಾಂದ್ರತೆ ಕನ್ನಡಕ್ಕೆ ಸಾಲುವುದಿಲ್ಲ ಎಂಬುದು ನಮ್ಮ ಕಸುಬಿನಲ್ಲಿರುವವರಿಗೆಲ್ಲ ಗೊತ್ತು. ಒಂಬತ್ತು ಪಾಯಿಂಟಿನ ಸಾಲು ನಿಜವಾದ ಅಳತೆಯಲ್ಲಿ ಕಾಣುವಾಗ, ಇಂಚಿಗೆ 109 ಪಿಕ್ಸೆಲ್‌ಗಳಿರುವ ಸಾಮಾನ್ಯ 27 ಇಂಚಿನ ಮಾನಿಟರಿನಲ್ಲಿ ಅದರ ಎತ್ತರಕ್ಕೆ ಸಿಗುವುದು ಹದಿನಾಲ್ಕು ಪಿಕ್ಸೆಲ್‌ಗಿಂತ ಕಡಿಮೆ. ಅಷ್ಟರೊಳಗೆ ‘ರಾಷ್ಟ್ರ’, ‘ಲಕ್ಷ್ಮಿ’ಯಂಥ ಪದಗಳು ಮೂಲಾಕ್ಷರ, ಅದರ ಕೆಳಗೊಂದು ಒತ್ತು, ಅದರ ಪಕ್ಕಕ್ಕೆ ಮತ್ತೊಂದು ಒತ್ತು ಎಂದು ಹೊಂದಿಕೊಳ್ಳಬೇಕು; ‘ಥ’ಕಾರದ ನಡುವಿನ ಚುಕ್ಕೆಯೂ ‘ಧ’ಕಾರದ ಬುಡದ ಸೀಳೂ ಅಲ್ಲೇ ಎಲ್ಲೋ ಕರಗಿಹೋಗುತ್ತವೆ. ಎಚ್‌ಪಿ ಎನ್ವಿ 34ರ ಪರದೆಯಲ್ಲಿ ಇಂಚಿಗೆ 163 ಪಿಕ್ಸೆಲ್‌ಗಳಿದ್ದು ಅದೇ ಸಾಲಿಗೆ ಇಪ್ಪತ್ತು ಪಿಕ್ಸೆಲ್ ಸಿಗುತ್ತದೆ. 24 ಮತ್ತು 27 ಇಂಚಿನ ಎರಡೂ ಐಮ್ಯಾಕ್‌ಗಳಲ್ಲಿ 218ರಂತೆ ಇಪ್ಪತ್ತೇಳು. ಲೆಕ್ಕದಲ್ಲಿ ಇದು ಸಣ್ಣ ಅಂತರವೆನಿಸಿದರೂ ಸಂಜೆಯ ಹೊತ್ತಿಗೆ ಕಣ್ಣಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಎನ್ವಿಯಲ್ಲಿ ಕರಡು ನೋಡುವಾಗ ಅನುಮಾನ ಬಂದ ಕಡೆ ಪುಟವನ್ನು ಹಿಗ್ಗಿಸಿ ಖಚಿತಪಡಿಸಿಕೊಳ್ಳುವ ಅಭ್ಯಾಸ ತಾನಾಗಿಯೇ ಮರಳಿತು. ಐಮ್ಯಾಕ್‌ಗಳಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.

ಹರವಿನ ಪ್ರಶ್ನೆ ಬೇರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಡೆಮಿ 1/8 ಆಕಾರದ ಎರಡು ಎದುರುಬದುರು ಪುಟಗಳು ಒಟ್ಟಿಗೆ ಸುಮಾರು ಹನ್ನೊಂದು ಇಂಚು ಅಗಲ, ಎಂಟೂವರೆ ಇಂಚು ಎತ್ತರ ಇರುತ್ತವೆ. ಇದು ಮೂರೂ ಪರದೆಗಳಲ್ಲಿ ನಿಜವಾದ ಅಳತೆಯಲ್ಲಿ ಆರಾಮಾಗಿ ಹಿಡಿಸುತ್ತದೆ. ಆದರೆ ಕರಡು ಓದುವಾಗ ನಾವು ಪುಟವನ್ನು ಶೇ 125ಕ್ಕಾದರೂ ಹಿಗ್ಗಿಸಿಕೊಳ್ಳುತ್ತೇವೆ, ಆಗ ಹತ್ತೂವರೆ ಇಂಚಿಗಿಂತ ಹೆಚ್ಚು ಎತ್ತರ ಬೇಕು. 24 ಇಂಚಿನದೆನ್ನುವ ಐಮ್ಯಾಕ್‌ನ ಪರದೆ ನಿಜಕ್ಕೂ 23.5 ಇಂಚಿನದು, ಎತ್ತರ ಹನ್ನೊಂದೂವರೆ. ಮೆನು ಮತ್ತು ಉಪಕರಣಗಳ ಪಟ್ಟಿಗಳು ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಪುಟದ ಬುಡದ ಎರಡು ಸಾಲುಗಳಿಗಾಗಿ ಪ್ರತಿ ಬಾರಿಯೂ ಸರಿಸಬೇಕಾಗುತ್ತದೆ. 27 ಇಂಚಿನಲ್ಲಿ ಈ ತೊಂದರೆಯಿಲ್ಲ. ಎನ್ವಿಯ ಎತ್ತರ 27 ಇಂಚಿನ ಪರದೆಯಷ್ಟೇ ಇದ್ದು ಅಗಲ ಮೂವತ್ತೊಂದು ಇಂಚಿನಷ್ಟಿರುವುದರಿಂದ, ಒಂದು ಬದಿಯಲ್ಲಿ ಲೇಖಕರ ಹಸ್ತಪ್ರತಿಯ ಸ್ಕ್ಯಾನ್, ಇನ್ನೊಂದು ಬದಿಯಲ್ಲಿ ವಿನ್ಯಾಸಗೊಂಡ ಪುಟಗಳನ್ನು ಇಟ್ಟುಕೊಂಡು ತಾಳೆ ನೋಡುವ ಸುಖ ಅದರಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲಿಲ್ಲ.

ಒಡಲಿನ ವಿನ್ಯಾಸದಲ್ಲಿ 24 ಇಂಚಿನ ಐಮ್ಯಾಕ್ ಒಂದು ಪಂಥವಾದರೆ ಎನ್ವಿ ಇನ್ನೊಂದು. ಐಮ್ಯಾಕ್‌ನ ದಪ್ಪ 11.5 ಮಿಲಿಮೀಟರ್ ಮಾತ್ರ. ಅಷ್ಟು ತೆಳುವಾಗಿಸಲು ಇಡೀ ಸರ್ಕ್ಯೂಟ್ ಬೋರ್ಡನ್ನು ಪರದೆಯ ಕೆಳಗಿನ ಗದ್ದದಂಥ ಪಟ್ಟಿಗೆ ಇಳಿಸಿ, ವಿದ್ಯುತ್ ಅಡಾಪ್ಟರನ್ನು ಹೊರಗೆ ಹಾಕಿದ್ದಾರೆ. ಪಕ್ಕದಿಂದ ನೋಡುವವರಿಗೆ ಅದು ಬೆರಗು. ಎದುರು ಕೂತು ಕೆಲಸ ಮಾಡುವವನಿಗೆ ಆ ತೆಳುತನದಿಂದ ಏನೂ ಸಿಗುವುದಿಲ್ಲ, ಗದ್ದದ ಪಟ್ಟಿ ಮಾತ್ರ ಕಾಣುತ್ತದೆ. ಎತ್ತರ ಹೊಂದಿಸುವ ಅನುಕೂಲವೂ ಇಲ್ಲ, ನನ್ನ ಮೇಜಿನಲ್ಲಿ ಅದರ ಕೆಳಗೆ ದಪ್ಪ ನಿಘಂಟಿನ ಸಂಪುಟವೊಂದನ್ನು ಇಡಬೇಕಾಯಿತು. ಆದರೂ ನ್ಯಾಯವಾಗಿ ಹೇಳಬೇಕಾದದ್ದೊಂದಿದೆ: ಪುಟವಿನ್ಯಾಸದಂಥ ಕೆಲಸದಲ್ಲಿ ಅದರ ಸದ್ದು ನನ್ನ ಕಿವಿಗೆ ಬಿದ್ದದ್ದಿಲ್ಲ, ಮತ್ತು ಒಂದೇ ವೈರಿನಲ್ಲಿ ಮೇಜು ಅಚ್ಚುಕಟ್ಟಾಗುವುದು ಸಣ್ಣ ಮನೆಗಳಲ್ಲಿ ಸಣ್ಣ ಸಂಗತಿಯಲ್ಲ. ಕಿಟಕಿಯ ಎದುರಿಗೆ ಕೂರುವವರಿಗೆ ಪ್ರತಿಫಲನ ತಗ್ಗಿಸುವ ನ್ಯಾನೊ-ಟೆಕ್ಸ್ಚರ್ ಗಾಜು ಈಗ ಲಭ್ಯವಿದೆಯಾದರೂ ಆರಂಭಿಕ ಮಾದರಿಯಲ್ಲಿ ಅದು ಸಿಗುವುದಿಲ್ಲ. ಅಕ್ಷರದ ಅಂಚನ್ನು ಅದು ತುಸು ಮೆದುವಾಗಿಸುವುದರಿಂದ ನಾನಂತೂ ಕಿಟಕಿಯ ಪರದೆ ಇಳಿಬಿಟ್ಟು ಸಾಮಾನ್ಯ ಗಾಜನ್ನೇ ಆರಿಸುತ್ತೇನೆ.

ಎನ್ವಿ 34 ಇದಕ್ಕೆ ತದ್ವಿರುದ್ಧ. 2021ರಲ್ಲಿ ಅಮೆರಿಕದಲ್ಲಿ ಸುಮಾರು 2,000 ಡಾಲರಿಗೆ ಆರಂಭವಾದ ಅದು ದಪ್ಪಗಿದೆ, ಅದನ್ನು ಮರೆಮಾಚುವ ಗೋಜಿಗೂ ಹೋಗಿಲ್ಲ. ಆ ದಪ್ಪದೊಳಗೆ ಡೆಸ್ಕ್‌ಟಾಪ್ ದರ್ಜೆಯ ಪ್ರೊಸೆಸರ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಇವೆ. ಹಿಂಬದಿಯ ಮುಚ್ಚಳ ತೆಗೆದು ಮೆಮೊರಿಯನ್ನೂ ಸಂಗ್ರಹವನ್ನೂ ನಾವೇ ಬದಲಿಸಿಕೊಳ್ಳಬಹುದು. ಕ್ಯಾಮೆರಾ ಅಯಸ್ಕಾಂತದಿಂದ ಅಂಟಿಕೊಳ್ಳುವಂಥದ್ದು, ಬೇಕಾದ ಕಡೆ ಸರಿಸಬಹುದು. ತೆರಿಗೆಯ ಒಂದು ವಿಚಿತ್ರವೂ ಅದರ ಪರವಾಗಿತ್ತು: 2025ರ ಸೆಪ್ಟೆಂಬರ್ 21ರವರೆಗೆ 32 ಇಂಚಿಗಿಂತ ದೊಡ್ಡ ಬಿಡಿ ಮಾನಿಟರಿಗೆ ಶೇ 28ರ ಜಿಎಸ್‌ಟಿ ಇದ್ದರೆ, ಅಷ್ಟೇ ದೊಡ್ಡ ಪರದೆಯ ಆಲ್-ಇನ್-ಒನ್ ಕಂಪ್ಯೂಟರಿನ ಲೆಕ್ಕಕ್ಕೆ ಸೇರಿ ಶೇ 18ರಲ್ಲೇ ಉಳಿಯುತ್ತಿತ್ತು. ಈಗ ಎರಡಕ್ಕೂ ಶೇ 18.

ವಿಂಡೋಸ್ ಎಂಬ ಕಾರಣಕ್ಕೂ ಎನ್ವಿಯ ತೂಕ ನಮ್ಮಲ್ಲಿ ಹೆಚ್ಚುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡ್ ನೆಲೆಯೂರಿ ಇಷ್ಟು ಕಾಲವಾದರೂ ಪ್ರಕಾಶಕರ ಬಳಿ ಇರುವ ಹಳೆಯ ಪುಸ್ತಕಗಳ ಕಡತಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಇವೆ, ಮರುಮುದ್ರಣಕ್ಕೆ ಬಂದಾಗ ಅವನ್ನು ತೆರೆದು ಪರಿವರ್ತಿಸಲು ವಿಂಡೋಸ್ ಬೇಕು. ಇಂಟೆಲ್ ಪ್ರೊಸೆಸರಿನ 2020ರ ಐಮ್ಯಾಕ್‌ನಲ್ಲಿ ಆಪಲ್‌ನದೇ ಬೂಟ್ ಕ್ಯಾಂಪ್ ಸೌಲಭ್ಯದ ಮೂಲಕ ವಿಂಡೋಸನ್ನೂ ನೇರವಾಗಿ ಹಾಕಿಕೊಳ್ಳಬಹುದಿತ್ತು. ಎಂ ಸರಣಿಯಲ್ಲಿ ಆ ದಾರಿ ಮುಚ್ಚಿದೆ, ಮ್ಯಾಕ್ ಒಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ವರ್ಚುವಲ್ ತಂತ್ರಾಂಶದಲ್ಲಿ, ಆರ್ಮ್ ಮಾದರಿಯ ಚಿಪ್‌ಗಳಿಗಾಗಿ ಮಾಡಿದ ವಿಂಡೋಸನ್ನು ನಡೆಸಬೇಕು.

ಆಯಸ್ಸಿನ ಪ್ರಶ್ನೆಗೆ ಬಂದಾಗ ನನ್ನ ಒಲವು ಆಲ್-ಇನ್-ಒನ್‌ಗಳಿಂದ ದೂರ ಸರಿಯಿತು. 2020ರ ಐಮ್ಯಾಕ್‌ನ ಪರದೆ ಇಂದಿಗೂ ಹೊಸದರಂತಿದೆ. ಹಿಂಬದಿಯ ಪುಟ್ಟ ಬಾಗಿಲು ತೆರೆದು ಮೆಮೊರಿಯನ್ನು 128 ಜಿಬಿವರೆಗೂ ಹೆಚ್ಚಿಸಬಹುದು. ಆದರೆ 2025ರಲ್ಲಿ ಬಂದ ಆಪಲ್‌ನ ಕಾರ್ಯವ್ಯವಸ್ಥೆ ಮ್ಯಾಕ್‌ಒಎಸ್ ಟಾಹೊ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿಯೆಂದು ಆಪಲ್ ಘೋಷಿಸಿದೆ. ಕಂಪ್ಯೂಟರಿನ ಕಾಲ ಮುಗಿದ ಮೇಲೆ ಪರದೆಯನ್ನಾದರೂ ಮಾನಿಟರ್ ಆಗಿ ಬಳಸೋಣವೆಂದರೆ, 2009ರಿಂದ 2014ರವರೆಗಿನ ಐಮ್ಯಾಕ್‌ಗಳಲ್ಲಿದ್ದ ಟಾರ್ಗೆಟ್ ಡಿಸ್‌ಪ್ಲೇ ಸೌಲಭ್ಯವನ್ನು 5ಕೆ ಐಮ್ಯಾಕ್‌ಗಳಿಗೆ ಕೊಡಲೇ ಇಲ್ಲ. ಏರ್‌ಪ್ಲೇ ಎಂಬ ಆಪಲ್ ಸೌಲಭ್ಯದ ಮೂಲಕ ಇನ್ನೊಂದು ಮ್ಯಾಕ್‌ನಿಂದ ಚಿತ್ರ ಕಳಿಸಬಹುದು, ಆದರೆ ಕರಡು ನೋಡುವ ಸ್ಪಷ್ಟತೆ ಅದಕ್ಕಿಲ್ಲ. ಪ್ಯಾನೆಲನ್ನು ಬಿಡಿಸಿ ಬೇರೆ ಕಂಟ್ರೋಲರ್ ಬೋರ್ಡ್ ಜೋಡಿಸಿಕೊಳ್ಳುವ ಸಾಹಸಿಗಳಿದ್ದಾರೆ, ನಾನು ಅವರಲ್ಲೊಬ್ಬನಲ್ಲ. 24 ಇಂಚಿನ ಎಂ4 ಐಮ್ಯಾಕ್‌ನ ನಾಳೆಯೂ ಇದೇ, ಅದರ ಜೊತೆಗೆ ಮೆಮೊರಿಯನ್ನು ಆಮೇಲೆ ಹೆಚ್ಚಿಸುವ ದಾರಿಯೂ ಇಲ್ಲ. 2025ರ ಕೊನೆಯಿಂದ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಎಲ್ಲೆಡೆ ಏರಿರುವುದರಿಂದ, ‘ಆಮೇಲೆ ಅಗ್ಗದಲ್ಲಿ ಹಾಕಿಸಿಕೊಳ್ಳೋಣ’ ಎಂಬ ಎನ್ವಿಯ ಅನುಕೂಲವೂ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು.

ಈ ಎಲ್ಲದರ ಎದುರು ಮ್ಯಾಕ್ ಮಿನಿಯನ್ನು ಇಟ್ಟು ನೋಡಿದೆ. ಅಂಗೈಗಿಂತ ತುಸು ದೊಡ್ಡದಾದ, ಹದಿಮೂರು ಸೆಂಟಿಮೀಟರಿಗೂ ಕಡಿಮೆ ಅಗಲದ ಈ ಪೆಟ್ಟಿಗೆಯಲ್ಲಿರುವುದು ಹೆಚ್ಚು ಬೆಲೆಯ ಐಮ್ಯಾಕ್‌ನಲ್ಲಿರುವ ಹತ್ತು ಕೋರ್‌ಗಳ ಎಂ4 ಚಿಪ್ಪೇ. ಪವರ್ ಗುಂಡಿಯನ್ನು ತಳದಲ್ಲಿ ಇಟ್ಟದ್ದು ಹಾಸ್ಯಾಸ್ಪದ, ಆದರೆ ಅದನ್ನು ಒತ್ತುವ ಪ್ರಸಂಗ ಬರುವುದೇ ಕಡಿಮೆ. ಮುಖ್ಯವಾದದ್ದು ಮಾನಿಟರ್ ಆಯ್ಕೆ. ಆಪಲ್‌ನ ಸ್ಟುಡಿಯೊ ಡಿಸ್‌ಪ್ಲೇಯೊಂದಿಗೆ ಲೆಕ್ಕ ಹಾಕಿದರೆ ಈ ಏರ್ಪಾಟು ದುಬಾರಿಯೇ. ಆದರೆ 2024ರಲ್ಲಿ ಏಸಸ್ ಅಷ್ಟೇ ಅಳತೆಯ, ಅಷ್ಟೇ ಪಿಕ್ಸೆಲ್‌ಗಳ ಪ್ರೊಆರ್ಟ್ 5ಕೆ ಮಾನಿಟರನ್ನು 799 ಡಾಲರಿಗೆ, ಅಂದರೆ ಅರ್ಧ ಬೆಲೆಗೆ ತಂದಿತು, ಅದೂ ಎತ್ತರ ಹೊಂದಿಸಬಹುದಾದ, ಪರದೆಯನ್ನು ನಿಲುವಾಗಿ ತಿರುಗಿಸಬಹುದಾದ ಸ್ಟ್ಯಾಂಡಿನೊಂದಿಗೆ. ಅದರ ಸ್ಪೀಕರ್ ಕೇಳುವಂತಿಲ್ಲ, ಹೊರಮೈಯೂ ಐಮ್ಯಾಕ್‌ನ ನಯಕ್ಕೆ ಸಮವಲ್ಲ. ಅಕ್ಷರಗಳು ಮಾತ್ರ ಐಮ್ಯಾಕ್‌ನಷ್ಟೇ ಚೂಪಾಗಿ ಕಾಣುತ್ತವೆ. ಶೇ 125ಕ್ಕೆ ಹಿಗ್ಗಿಸಿದ ಡೆಮಿ ಪುಟ ಪೂರ್ತಿಯಾಗಿ ಹಿಡಿಸುತ್ತದೆ. ಮುಂದೊಂದು ದಿನ ಮಿನಿ ಹಳತಾದರೆ ಇದೇ ಪರದೆಗೆ ಬೇರೆ ಪೆಟ್ಟಿಗೆಯನ್ನೋ, ನುಡಿ ಕಡತಗಳಿಗಾಗಿ ವಿಂಡೋಸ್ ಲ್ಯಾಪ್‌ಟಾಪನ್ನೋ ಜೋಡಿಸಬಹುದು. ನನ್ನ ಹಣ ಹೋದದ್ದು ಈ ಜೋಡಿಗೆ.

ಬರವಣಿಗೆ, ಓದು, ಮಕ್ಕಳ ಆನ್‌ಲೈನ್ ಪಾಠಗಳಿಗಾಗಿ ಮನೆಯ ಹಜಾರದಲ್ಲಿ ಇಡಲು ಕೇಳಿದರೆ ನಾನು ಈಗಲೂ 24 ಇಂಚಿನ ಐಮ್ಯಾಕನ್ನೇ ಸೂಚಿಸುತ್ತೇನೆ. ಆದರೆ 2024ರಲ್ಲಿ 1,34,900ಕ್ಕೆ ಬಂದ ಎರಡೇ ಪೋರ್ಟಿನ ಮಾದರಿಯನ್ನಲ್ಲ, ಆಗ 1,54,900 ಇದ್ದದ್ದನ್ನು: ಅದರಲ್ಲಿ ನಾಲ್ಕು ಪೋರ್ಟು, ಬೆರಳಚ್ಚು ಗುರುತಿಸುವ ಕೀಬೋರ್ಡು, ಅಡಾಪ್ಟರಿನಲ್ಲೇ ಈಥರ್‌ನೆಟ್ ಇವೆ. ಸಂಗ್ರಹ ಹೆಚ್ಚಿಸಲು ಇನ್ನಷ್ಟು ಹಣ ತೆರುವ ಬದಲು ಹೊರಗಿನ ಎಸ್‌ಎಸ್‌ಡಿ ಸಾಕು. ಗೋಡೆಗೋ ತೋಳಿಗೋ ಕೂರಿಸುವ ಇರಾದೆಯಿದ್ದವರು ಅದಕ್ಕೆ ಬೇಕಾದ ವೆಸಾ ಮಾದರಿಯನ್ನು ಆರ್ಡರ್ ಮಾಡುವಾಗಲೇ ಆರಿಸಬೇಕು. ಅದು ಸ್ಟ್ಯಾಂಡ್ ಇಲ್ಲದೆ ಬರುತ್ತದೆ, ಆಮೇಲೆ ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಳ್ಳಲು ಬರುವುದಿಲ್ಲ.