‘ನಂಬರ್ ಎಲ್ಲ ಒಂದೇ’ ಅಂದ ಕೂಡಲೇ ದುಡ್ಡು ಕೊಡಬೇಡಿ: ಹಳೇ ಮಿಲಿಟರಿ ರೈಫಲ್ ಕೊಳ್ಳುವವರಿಗೆ ಎಚ್ಚರಿಕೆ

ಸಂಗ್ರಹಕ್ಕೆಂದು ಕಡಿಮೆ ದುಡ್ಡಿನಲ್ಲಿ ಹಳೇ ಸೈನ್ಯದ ರೈಫಲ್ ಹುಡುಕುತ್ತಿದ್ದರೆ ಇದನ್ನು ಪೂರ್ತಿ ಓದಿ. ಹೊಸಬರೊಬ್ಬರು ಕೊಂಡ ಸೋವಿಯತ್ ಸೈನ್ಯದ ಮೊಸಿನ್-ನಗಾಂತ್ 91/30 ರೈಫಲ್‌ನ ವಿಷಯ ಇದು. ಮಾರಿದವರು ಹೇಳಿದ್ದಿಷ್ಟು: ನಳಿಗೆ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಭಾಗ), ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ), ಬಟ್ ಪ್ಲೇಟ್ (ಹಿಂತುದಿಯ ತಗಡು) ಎಲ್ಲದರ ನಂಬರ್ ಒಂದೇ, ಕಾರ್ಖಾನೆಯಿಂದ ಬಂದ ಹಾಗೇ ಇದೆ, ಗ್ರೀಸ್ ಕೂಡ ಒರೆಸಿಲ್ಲ. ಫೋಟೊದಲ್ಲಿ ಮರ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಕೇಳಿದಷ್ಟು ಬೆಲೆ ಕೊಟ್ಟು ತಂದರು. ನಂಬರ್ ಆಮೇಲೆ ಒತ್ತಿದ್ದು, ನಳಿಗೆಯ ಒಳಗೆ ತುಕ್ಕು ತಿಂದಿದೆ, ಹೆಡ್‌ಸ್ಪೇಸ್ (ಬೋಲ್ಟ್‌ಗೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರ) ಮಿತಿ ಮೀರಿದೆ ಎಂಬುದು ತಂದ ಮೇಲೆ ಗೊತ್ತಾಯಿತು. ಮೂರನ್ನೂ ದುಡ್ಡು ಕೊಡುವ ಮೊದಲೇ ನೋಡಿ ತಿಳಿಯಬಹುದಿತ್ತು.

ನಂಬರ್ ವಿಷಯ ಮೊದಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳು ಲಕ್ಷಗಟ್ಟಲೆ ರೈಫಲ್‌ಗಳನ್ನು ಬಿಚ್ಚಿ, ಚೆನ್ನಾಗಿರುವ ಭಾಗಗಳನ್ನು ಆರಿಸಿ ಜೋಡಿಸಿ, ನಳಿಗೆಯ ನಂಬರನ್ನೇ ಉಳಿದ ಭಾಗಗಳ ಮೇಲೂ ಹಾಕಿದವು. ಮರಕ್ಕೆ ಅರಗಿನ ಮೆರುಗು ಬಳಿದರು. ಅದರಲ್ಲಿ ಮೋಸವೇನೂ ಇಲ್ಲ, ಸೈನ್ಯಕ್ಕೆ ಬೇಕಾದ ಕೆಲಸ ಅದು. ಅಂಥದ್ದನ್ನು ‘ಮೂಲ ಸ್ಥಿತಿ’ ಎಂದು ಮಾರುವುದೇ ಮೋಸ. ಗುರುತು ಹಿಡಿಯುವುದು ಕಷ್ಟವಲ್ಲ. ಚೌಕದೊಳಗೆ ಓರೆಗೆರೆ ಇರುವ ಮುದ್ರೆ ಕಂಡರೆ ಅದು ದುರಸ್ತಿಯಾದ ರೈಫಲ್. ಮ್ಯಾಗಜಿನ್ ತಳದ ತಗಡಿನ ಮೇಲೆ ಹಳೇ ನಂಬರಿಗೆ ಗೆರೆ ಎಳೆದಿರುತ್ತಾರೆ ಅಥವಾ ಉಜ್ಜಿ ತೆಗೆದಿರುತ್ತಾರೆ. ಅಕ್ಷರದ ಆಕಾರ, ಒತ್ತಿದ ಆಳ ಒಂದಕ್ಕೊಂದು ಹೊಂದುವುದಿಲ್ಲ. ಈ ರೈಫಲ್‌ನಲ್ಲಿ ನಳಿಗೆಯ ಮೇಲೆ ಇಜೆವ್ಸ್ಕ್ ಕಾರ್ಖಾನೆಯ ತ್ರಿಕೋನದ ಮುದ್ರೆ, ಬೋಲ್ಟ್ ಮೇಲೆ ತೂಲಾದ ನಕ್ಷತ್ರ. ನಂಬರ್ ಒಂದೇ, ಹುಟ್ಟಿದ ಊರು ಬೇರೆ ಬೇರೆ! ದುರಸ್ತಿಯಾದ ರೈಫಲ್ ಕೊಳ್ಳಬಾರದು ಎಂದಲ್ಲ, ಖಂಡಿತ ಕೊಳ್ಳಿ. ದುರಸ್ತಿಯಾದದ್ದರ ಬೆಲೆ ಮಾತ್ರ ಕೊಡಿ.

ನಿಜವಾದ ನಷ್ಟ ಆಗಿದ್ದು ನಳಿಗೆಯಲ್ಲಿ. ಗ್ರೀಸ್ ತುಂಬಿದ ನಳಿಗೆಗೆ ಟಾರ್ಚ್ ಹಿಡಿದರೆ ಎಂಥದ್ದಾದರೂ ನುಣುಪಾಗಿ, ಹೊಳಪಾಗಿ ಕಾಣುತ್ತದೆ. ತುಕ್ಕಿನ ಗುಳಿಗಳನ್ನೆಲ್ಲ ಗ್ರೀಸ್ ಮುಚ್ಚಿರುತ್ತದೆ. ಆದ್ದರಿಂದ ಒರೆಸದೆ ನೋಡಲೇಬೇಡಿ. ಬಂದೂಕು ಖಾಲಿಯೆಂದು ಖಚಿತ ಮಾಡಿಕೊಂಡು ಬೋಲ್ಟ್ ತೆಗೆಯಿರಿ. ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯನ್ನು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಹಿಂತುದಿ) ಕಡೆಯಿಂದ ನಾಲ್ಕೈದು ಸಲ ಹಾಯಿಸಿ, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಎರಡೂ ತುದಿಯಿಂದ ಬೆಳಕು ಬಿಟ್ಟು ನೋಡಿ. ನಳಿಗೆಯೊಳಗೆ ಗುಂಡನ್ನು ತಿರುಗಿಸಲೆಂದು ಕೊರೆದ ಸುರುಳಿ ಗೀರುಗಳ ಅಂಚು ಚೂಪಾಗಿದ್ದು ಒಳಗೆ ಸ್ವಲ್ಪ ಕಪ್ಪಿದ್ದರೆ ಚಿಂತೆಯಿಲ್ಲ. ಅಂಚು ಸವೆದು ದುಂಡಾಗಿದ್ದರೆ ಅಥವಾ ಗೀರಿನ ಮೂಲೆಗಳಲ್ಲಿ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಹಳೇ ತೋಟಾಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಭಾಗದಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವ ಉಪ್ಪು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಒಮ್ಮೆ ಬಿದ್ದ ಗುಳಿ ಯಾವ ಬ್ರಷ್‌ಗೂ ಹೋಗುವುದಿಲ್ಲ.

ನಳಿಗೆಯ ಬಾಯಿಯನ್ನೂ ಬಿಡಬೇಡಿ. ಉಕ್ಕಿನ ಕಡ್ಡಿಯನ್ನು ಬಾಯಿಯಿಂದಲೇ ತೂರಿಸಿ ಉಜ್ಜಿ ಉಜ್ಜಿ ಅಲ್ಲಿನ ಗೀರು ಸವೆದಿರುತ್ತದೆ. ಹಾಗೆ ಸವೆದ ಭಾಗವನ್ನು ಶಸ್ತ್ರಾಗಾರದವರು ಅಗಲವಾಗಿ ಕೊರೆದು ತೆಗೆಯುತ್ತಿದ್ದರು. ಗೀರು ಬಾಯಿಯಲ್ಲೇ ಶುರುವಾಗದೆ ಒಳಗಿನಿಂದ ಶುರುವಾದರೆ ಹಾಗೆ ಕೊರೆದಿದ್ದಾರೆ ಎಂದರ್ಥ. ಚೆನ್ನಾಗಿ ಕೊರೆದಿದ್ದರೆ ಗುರಿ ಕೆಡುವುದಿಲ್ಲ, ಸಂಗ್ರಹದ ಬೆಲೆ ಮಾತ್ರ ಇಳಿಯುತ್ತದೆ. ಕೊರೆಯದ ನಳಿಗೆಗೆ ಒಂದು ಸುಲಭ ಪರೀಕ್ಷೆಯಿದೆ: ಮದ್ದು, ಪ್ರೈಮರ್ ಇಲ್ಲದ ಡಮ್ಮಿ ತೋಟಾದ ಗುಂಡನ್ನು ಬಾಯಿಗೆ ಇಟ್ಟು ನೋಡಿ. ಕೇಸಿನ (ತೋಟಾದ ಲೋಹದ ಕವಚದ) ಕುತ್ತಿಗೆಗೂ ನಳಿಗೆಗೂ ನಡುವೆ ಗುಂಡು ಎದ್ದು ಕಾಣಬೇಕು. ಕೇಸೇ ಬಂದು ತಾಗಿದರೆ ಬಾಯಿ ಸವೆದಿದೆ.

ಹೆಡ್‌ಸ್ಪೇಸ್ ಜೀವದ ಪ್ರಶ್ನೆ. ಬೋಲ್ಟ್ ಮುಖಕ್ಕೂ ತೋಟಾ ಕೂರುವ ಅಂಚಿಗೂ ನಡುವಿನ ಅಂತರ ಹೆಚ್ಚಾದರೆ ಗುಂಡು ಹಾರುವಾಗ ಕೇಸು ಹಿಗ್ಗಿ ಬುಡದ ಹತ್ತಿರ ಸೀಳಿಹೋಗಬಹುದು. ಬಿಸಿ ಅನಿಲ ಹಿಂದಕ್ಕೆ, ಮುಖದತ್ತ ನುಗ್ಗಬಹುದು. ಹಾರಿಸಿದ ಕೇಸಿನ ಸುತ್ತ, ಬುಡಕ್ಕಿಂತ ಸ್ವಲ್ಪ ಮೇಲೆ, ಹೊಳೆಯುವ ಉಂಗುರ ಕಂಡರೆ ಅಲ್ಲಿಗೇ ನಿಲ್ಲಿಸಿ. ಈ ಅಂತರ ಅಳೆಯಲು ಅದೇ ಕ್ಯಾಲಿಬರ್‌ನ (ತೋಟಾ ಅಳತೆಯ) ಗೇಜ್‌ಗಳನ್ನು ಚೇಂಬರಿಗೆ ಹಾಕಬೇಕು, ಸ್ಟ್ರೈಕರ್ (ಪ್ರೈಮರ್‌ಗೆ ಹೊಡೆಯುವ ಕಡ್ಡಿ) ತೆಗೆದ ಬೋಲ್ಟನ್ನು ಬೆರಳ ತುದಿಯ ಬಲದಲ್ಲಷ್ಟೇ ಮುಚ್ಚಬೇಕು. ಕನಿಷ್ಠ ಅಂತರದ ‘ಗೋ’ ಗೇಜ್ ಮೇಲೆ ಮುಚ್ಚಬೇಕು. ಗರಿಷ್ಠ ಮಿತಿಯ ‘ಫೀಲ್ಡ್’ ಗೇಜ್ ಮೇಲೂ ಮುಚ್ಚಿದರೆ ಹಾರಿಸಬಾರದು. ಈ ರೈಫಲ್ ಫೀಲ್ಡ್ ಗೇಜ್ ಮೇಲೂ ಮುಚ್ಚಿತು. ನಂಬರ್ ಹೊಂದಿದ ಮಾತ್ರಕ್ಕೆ ಬೋಲ್ಟ್ ಹೊಂದಿತು ಎಂದೇನಿಲ್ಲ.

ಬೇರೆ ರೈಫಲ್‌ಗಳಿಗೂ ಅವುಗಳದ್ದೇ ಬಲೆಗಳಿವೆ. ಬ್ರಿಟಿಷ್ ಲೀ-ಎನ್‌ಫೀಲ್ಡ್ ನಂಬರ್ 4ಕ್ಕೆ ಹೆಡ್‌ಸ್ಪೇಸ್ ಸರಿಹೊಂದಿಸಲು 0ಯಿಂದ 3ರವರೆಗೆ ನಾಲ್ಕು ಅಳತೆಯ ಬೋಲ್ಟ್ ಹೆಡ್ (ಬೋಲ್ಟ್‌ನ ಮುಂತುದಿ) ಇವೆ. ಈಗಾಗಲೇ 3 ಹಾಕಿದ್ದೂ ಅಂತರ ಹೆಚ್ಚಿದ್ದರೆ ಅದಕ್ಕಿಂತ ದೊಡ್ಡದು ಇಲ್ಲ. ‘ಡಿಪಿ’ ಮುದ್ರೆ ಇದ್ದರೆ ಅದು ಕವಾಯತಿನ ಬಂದೂಕು, ಗೋಡೆಗಷ್ಟೇ. ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8 ಲಕ್ಷಕ್ಕಿಂತ ಕಡಿಮೆ, ರಾಕ್ ಐಲೆಂಡ್‌ನ 2,85,507ಕ್ಕಿಂತ ಕಡಿಮೆ ನಂಬರಿನವನ್ನು ಹಾರಿಸಬೇಡಿ. ಹದಗೊಳಿಸುವಾಗ ಕಾವು ಹೆಚ್ಚಾಗಿ ಕೆಲವು ರಿಸೀವರ್‌ಗಳು (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟುಗಳು) ಪೆಡಸಾಗಿವೆ. ಜಪಾನಿನ ತರಬೇತಿ ಬಂದೂಕುಗಳು ಅಲ್ಲಿನ ಸೈನ್ಯದ ಅರಿಸಾಕಾ ರೈಫಲ್‌ನಂತೆಯೇ ಕಾಣುತ್ತವೆ, ನಿಜವಾದ ತೋಟಾದ ಒತ್ತಡ ತಡೆಯುವುದಿಲ್ಲ. ಯುಗೊಸ್ಲಾವ್ ಎಂ48 ಒಳ್ಳೆಯ ಆಯ್ಕೆ, ಆದರೆ ಅದರಂತೆಯೇ ಕಾಣುವ ಜರ್ಮನ್ ಕಾರ್ 98ಕೆ ರೈಫಲ್‌ನ ಬೋಲ್ಟ್ ಅದಕ್ಕೆ ಕೂರುವುದಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಮರ ತರಚಿದ, ಒಳಗೆ ಚೊಕ್ಕವಾಗಿರುವ ರೈಫಲ್ ಹುಡುಕಿ. ಸ್ವಿಸ್ ಕೆ31 ಇದಕ್ಕೆ ಒಳ್ಳೆಯ ಉದಾಹರಣೆ: ಅವರ ಜಿಪಿ11 ತೋಟಾ ಉಕ್ಕನ್ನು ತಿನ್ನುವಂಥದ್ದಲ್ಲ, ಹಾಗಾಗಿ ಬಟ್ ಕಡೆ ಕಲೆ, ಏಟು ಎಷ್ಟಿದ್ದರೂ ನಳಿಗೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಬೆಲೆ ಮಾತಾಡುವ ಮುಂಚೆ ಲೈಸೆನ್ಸ್ ನಿಯಮ, ಆ ಕ್ಯಾಲಿಬರ್‌ನ ತೋಟಾ ಸಿಗುತ್ತದೆಯೇ ಎರಡನ್ನೂ ವಿಚಾರಿಸಿ. ದೂರದಿಂದ ಕೊಳ್ಳುವುದಾದರೆ ಒರೆಸಿದ ನಳಿಗೆಯ ಒಳಭಾಗ, ಬಾಯಿ, ನಾಲ್ಕೂ ನಂಬರುಗಳು, ಬೋಲ್ಟ್ ಹಿಂದಿನ ಮರದ ಸಂದು, ಇಷ್ಟರ ಹತ್ತಿರದ ಫೋಟೊ ಕೇಳಿ. ಗ್ರೀಸ್ ಒರೆಸಿದರೆ ಬೆಲೆ ಇಳಿಯುತ್ತದೆ ಎಂದು ಮಾರುವವರು ನೆಪ ಹೇಳಿದರೆ ಬೇರೆ ರೈಫಲ್ ನೋಡಿ.