ಡಾಕರ್‌ಫೈಲ್ ತಪಾಸಣೆ: ಒಂದೇ ಫೈಲಿನ ಮೇಲೆ ನಾಲ್ಕು ಟೂಲ್ ಓಡಿಸಿ ನೋಡಿದೆ

ಮಂಡ್ಯದ ಬೆಲ್ಲದ ವ್ಯಾಪಾರಿಗಳಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಆಫೀಸು ಮೈಸೂರಿನ ವಿಜಯನಗರದಲ್ಲಿ, ಇರೋದು ಮೂರೇ ಜನ. ಒಂದು ಬೆಳಗ್ಗೆ ಮಂಡಿಯಿಂದ ಫೋನ್ ಬಂತು. ಬಿಲ್ಲು ಪರದೆ ಮೇಲೆ ಕಾಣಿಸುತ್ತಿದೆ, ಆದರೆ ಪಿಡಿಎಫ್ ಬರುತ್ತಿಲ್ಲ. ಲೋಡ್ ಆದ ಲಾರಿ ಬಿಲ್ಲಿಗಾಗಿ ಬಾಗಿಲಲ್ಲೇ ನಿಂತಿತ್ತು.

ಹಿಂದಿನ ರಾತ್ರಿ ಬಿಲ್ಡ್ ಮಾಡಿದವನು ನಾನೇ. ಎಲ್ಲ ಹಸಿರು ತೋರಿಸಿತ್ತು. ನಮ್ಮ ಸಾಫ್ಟ್‌ವೇರನ್ನು ಬೇಕಾದ್ದೆಲ್ಲದರ ಜೊತೆ ಒಂದು ಇಮೇಜ್ ಆಗಿ ಕಟ್ಟುವ ಟೂಲ್ ಡಾಕರ್, ಹೇಗೆ ಕಟ್ಟಬೇಕು ಅಂತ ಸಾಲು ಸಾಲಾಗಿ ಬರೆದ ಫೈಲೇ ಡಾಕರ್‌ಫೈಲ್. ಹುಡುಕುತ್ತಾ ಹೋದಾಗ ಅದರ ಒಂದು ರನ್ ಸಾಲಿನಲ್ಲಿ, ಅಂದರೆ ಕಟ್ಟುವಾಗ ಕಮಾಂಡ್ ಓಡಿಸುವ ಸಾಲಿನಲ್ಲಿ, ತಪ್ಪು ಸಿಕ್ಕಿತು. ಪಿಡಿಎಫ್ ಮಾಡುವ ಟೂಲಿನ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಕರ್ಲ್ ಅನ್ನುವ ಡೌನ್‌ಲೋಡ್ ಕಮಾಂಡಿನಿಂದ ತಂದು, ಪೈಪ್ ಹಾಕಿ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಸಾಗಿಸಿ) ಕಮಾಂಡ್ ಓಡಿಸುವ ಶೆಲ್‌ಗೆ ನೇರ ಕೊಟ್ಟಿದ್ದೆ. ಆ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಟ್ಟಿದೆ. ಕರ್ಲ್ ಸೋತಿದೆ, ಶೆಲ್‌ಗೆ ಏನೂ ಬಂದಿಲ್ಲ. ಖಾಲಿ ಸ್ಕ್ರಿಪ್ಟ್ ಓಡಿಸಿದ ಶೆಲ್ ಸೊನ್ನೆ, ಅಂದರೆ ಎಲ್ಲ ಸರಿ ಅಂತ, ವಾಪಸ್ ಕೊಟ್ಟಿದೆ. ಪೈಪ್‌ನಲ್ಲಿ ಕೊನೆಯ ಕಮಾಂಡ್ ಗೆದ್ದರೆ ಡಾಕರ್‌ಗೆ ಅಷ್ಟೇ ಸಾಕು. ಸಾಲದ್ದಕ್ಕೆ ಆ ಸಾಲಿನಿಂದಾದ ಲೇಯರ್ (ಇಮೇಜಿನ ಒಂದು ಪದರ) ಕ್ಯಾಶ್ ಕೂಡ ಆಗಿತ್ತು, ಅಂದರೆ ಮುಂದಿನ ಬಿಲ್ಡ್‌ಗೆ ಎತ್ತಿಟ್ಟಿತ್ತು. ನೆಟ್ ಬಂದ ಮೇಲೆ ಎರಡು ಸಲ ಬಿಲ್ಡ್ ಮಾಡಿದರೂ ಅದೇ ಮುರಿದ ಲೇಯರ್ ಬಂದು ಕೂರುತ್ತಿತ್ತು.

ಆ ಫೈಲನ್ನು ಹಾಗೇ ಇಟ್ಟುಕೊಂಡು ಒಂದು ವಾರ ನಾಲ್ಕು ಟೂಲ್ ಪ್ರಯತ್ನಿಸಿದೆ. ನನ್ನ ಪ್ರಶ್ನೆ ಒಂದೇ: ಇದನ್ನು ಯಾರು ಮೊದಲೇ ಹೇಳುತ್ತಿದ್ದರು?

ಹೇಳಿದ್ದು ಡಾಕರ್‌ಫೈಲ್ ತಪಾಸಣೆಯ ಟೂಲ್ ಹ್ಯಾಡೋಲಿಂಟ್ ಮಾತ್ರ. ಡಿಎಲ್ 4006 ಅನ್ನುವ ರೂಲಿನ ಎಚ್ಚರಿಕೆ ಬಂತು: ಪೈಪ್ ಇರುವ ರನ್‌ಗಿಂತ ಮೊದಲು ಪೈಪ್‌ಫೇಲ್ (ಪೈಪ್‌ನಲ್ಲಿ ಯಾವ ಕಮಾಂಡ್ ಸೋತರೂ ಸೋಲು ಅಂತಲೇ ಎಣಿಸುವ ಆಯ್ಕೆ) ಆನ್ ಮಾಡಿ. ಅದನ್ನು ಆನ್ ಮಾಡುವ ಶೆಲ್ ಸಾಲು ಒಂದನ್ನು ಮೇಲೆ ಸೇರಿಸಿ, ನೆಟ್ ಕೇಬಲ್ ಕಿತ್ತು ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಬಿಲ್ಡ್ ಅಲ್ಲೇ ನಿಂತಿತು. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ, ಹೇಳೋಕೆ ಆಗಲ್ಲ.

ಇದಕ್ಕೆ ಕಾರಣ ಹ್ಯಾಡೋಲಿಂಟ್ ಓದುವ ರೀತಿ. ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಟೂಲ್ ಇದು, ಒಳಗೆ ಶೆಲ್ ಸ್ಕ್ರಿಪ್ಟಿನ ತಪ್ಪು ಹಿಡಿಯುವ ಶೆಲ್‌ಚೆಕ್ ಸೇರಿಕೊಂಡಿದೆ. ಹಾಗಾಗಿ ರನ್ ಪಕ್ಕದಲ್ಲಿರುವುದನ್ನು ಸುಮ್ನೆ ಅಕ್ಷರ ಅಂತ ಬಿಡದೆ ಶೆಲ್ ಸ್ಕ್ರಿಪ್ಟ್ ಅಂತಲೇ ಓದುತ್ತದೆ. ಕೋಟ್ ಹಾಕದೆ ಬಿಟ್ಟ ಒಂದು ವೇರಿಯಬಲ್ಲನ್ನೂ ಅದೇ ಹಿಡಿಯಿತು. ಒಂದೇ ಬೈನರಿ ಫೈಲ್, ಡಾಕರ್ ಓಡುತ್ತಿರಲೇಬೇಕು ಅಂತಿಲ್ಲ. ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನೆಟ್ ಇಲ್ಲದೆಯೇ ಓಡಿಸಿದ್ದೇನೆ. ಎಂಟರ್ ಒತ್ತಿದ ತಕ್ಷಣ ಉತ್ತರ ಬರುತ್ತದೆ.

ಒಂದು ರೂಲ್ ಮಾತ್ರ ನನಗೆ ಒಗ್ಗಲಿಲ್ಲ. ಡಿಎಲ್ 3008 ಪ್ರಕಾರ ಆಪ್ಟ್ (ಡೆಬಿಯನ್ ಲಿನಕ್ಸಿನ ಪ್ಯಾಕೇಜ್ ಟೂಲ್) ಮೂಲಕ ತರುವ ಪ್ರತಿ ಪ್ಯಾಕೇಜಿಗೂ ಆವೃತ್ತಿ ಬರೆಯಬೇಕು. ಬರೆದೆ. ಆದರೆ ಡೆಬಿಯನ್‌ನಲ್ಲಿ ಹೊಸ ಆವೃತ್ತಿ ಬಂದರೆ ಹಳೆಯದು ರೆಪಾಸಿಟರಿಯಿಂದ ಹೋಗಿಬಿಡುತ್ತದೆ, ಬಿಲ್ಡ್ ನಿಲ್ಲುತ್ತದೆ. ನಮ್ಮಂಥ ಸಣ್ಣ ತಂಡಕ್ಕೆ ಅದನ್ನು ಸರಿಮಾಡುತ್ತಾ ಕೂರೋದೇ ಜಾಸ್ತಿ ಕೆಲಸ. ಬೇಸ್ ಇಮೇಜಿನ (ನಮ್ಮದಕ್ಕೆ ಅಡಿಪಾಯವಾದ ಇಮೇಜಿನ) ಆವೃತ್ತಿಯನ್ನು ಗಟ್ಟಿ ಮಾಡಿ, ಈ ರೂಲನ್ನು ಸೆಟ್ಟಿಂಗ್ ಫೈಲಿನಲ್ಲಿ ಬಿಟ್ಟುಬಿಡು ಅಂತ ಬರೆದಿದ್ದೇನೆ.

ಎರಡನೆಯದು ಡಾಕರ್‌ನದೇ ಬಿಲ್ಡ್ ಚೆಕ್. 2024ರಲ್ಲಿ ಡಾಕರ್‌ನ ಬಿಲ್ಡ್ ಪ್ಲಗಿನ್ ಬಿಲ್ಡ್‌ಎಕ್ಸ್ 0.15ರ ಜೊತೆ ಬಂತು. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬಿಲ್ಡ್ ಕಮಾಂಡಿಗೆ ಚೆಕ್ ಅಂತ ಸೇರಿಸಿದರೆ ಆಯಿತು. ಪೈಪ್ ಬಗ್ಗೆ ಇದು ಸುಮ್ಮನಿತ್ತು. ಆದರೆ ಹ್ಯಾಡೋಲಿಂಟ್ ಬಿಟ್ಟ ಎರಡನ್ನು ಹಿಡಿಯಿತು. ಒಂದು, ಬೇಸ್ ಇಮೇಜ್ ಹೇಳುವ ಫ್ರಮ್ ಸಾಲಿಗಿಂತ ಮೇಲೆ ಆರ್ಗ್ (ಬಿಲ್ಡ್‌ಗೆ ಬಳಸುವ ವೇರಿಯಬಲ್) ಬರೆದು, ಕೆಳಗೆ ಫೈಲ್ ತರುವ ಕಾಪಿ ಸಾಲಿನಲ್ಲಿ ಬಳಸಿದ್ದೆ. ಫ್ರಮ್ ದಾಟಿದ ಮೇಲೆ ಆ ಹೆಸರನ್ನು ಮತ್ತೆ ಬರೆಯದಿದ್ದರೆ ಅದು ಖಾಲಿ, ಗೊತ್ತಲ್ವಾ? ಇನ್ನೊಂದು, ಡೇಟಾಬೇಸ್ ಪಾಸ್‌ವರ್ಡನ್ನು ಇಮೇಜಿನೊಳಗೆ ವೇರಿಯಬಲ್ ಇಡುವ ಎನ್ವ್ ಸಾಲಿನಲ್ಲೇ ಬರೆದಿದ್ದೆ. ಇಮೇಜ್ ಸಿಕ್ಕವರಿಗೆಲ್ಲ ಅದು ಕಾಣುತ್ತದೆ. ಆದರೆ ಈ ಚೆಕ್ ನೋಡುವುದು ವೇರಿಯಬಲ್ಲಿನ ಹೆಸರನ್ನು. ಅದೇ ಪಾಸ್‌ವರ್ಡನ್ನು ಡೇಟಾಬೇಸ್ ಯುಆರ್‌ಎಲ್ ಒಳಗೆ ಸೇರಿಸಿ ನೋಡಿದೆ, ಎಚ್ಚರಿಕೆ ಮಾಯವಾಯಿತು. ಅದನ್ನೊಂದೇ ನಂಬಿ ಕೂರಬೇಡಿ.

ಮೂರನೆಯದು ಟ್ರಿವಿ, ಅದು ನೋಡುವುದು ಭದ್ರತೆಯ ಕಡೆಯಿಂದ. ನಮ್ಮ ಫೈಲಿನಲ್ಲಿ ಯೂಸರ್ ಸಾಲೇ ಇರಲಿಲ್ಲ, ಅಂದರೆ ಕಂಟೇನರ್ (ಓಡುತ್ತಿರುವ ಇಮೇಜ್) ರೂಟ್ ಆಗಿಯೇ, ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ ಓಡುತ್ತಿತ್ತು. ಟ್ರಿವಿ ಅದನ್ನು ಹೈ ಅಂತ ಗುರುತು ಹಾಕಿತು. ಹ್ಯಾಡೋಲಿಂಟ್‌ನಲ್ಲೂ ರೂಟ್ ಬಗ್ಗೆ ರೂಲ್ ಇದೆ, ಆದರೆ ಕೊನೆಗೆ ಯೂಸರ್ ರೂಟ್ ಅಂತ ನೀವೇ ಬರೆದಿದ್ದರೆ ಮಾತ್ರ ಕೂಗುತ್ತದೆ. ಏನೂ ಬರೆಯದಿದ್ದರೆ ಸುಮ್ಮನೆ. ಈ ಒಂದು ವ್ಯತ್ಯಾಸಕ್ಕೇ ಟ್ರಿವಿಯನ್ನು ಉಳಿಸಿಕೊಂಡೆ. ಸರ್ವರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್, ಟೆರಾಫಾರ್ಮ್ ಟೂಲುಗಳ ಫೈಲುಗಳನ್ನೂ ನೋಡುತ್ತದೆ, ನಮಗೆ ಸದ್ಯ ಅದು ಬೇಕಾಗಿಲ್ಲ.

ನಾಲ್ಕನೆಯದು ಕಾಂಪೋಸ್ ಫೈಲಿಗೆ, ಅಂದರೆ ಯಾವ ಕಂಟೇನರ್‌ಗಳು ಹೇಗೆ ಓಡಬೇಕು ಅಂತ ಹೇಳುವ ಫೈಲಿಗೆ. ಅದಕ್ಕೆ ಡಾಕರ್ ಕಾಂಪೋಸ್ ಕಾನ್ಫಿಗ್ ಕಮಾಂಡ್ ಸಾಕು. ಎನ್ವಿರಾನ್ಮೆಂಟ್ ಪದದಲ್ಲಿ ಒಂದು ಎನ್ ಬಿಟ್ಟಿದ್ದೆ, ಅಂಥ ಹೆಸರು ಇಲ್ಲಿ ಇಲ್ಲ ಅಂತ ತಕ್ಷಣ ನಿಲ್ಲಿಸಿತು. ಕ್ವೈಟ್ ಆಯ್ಕೆ ಕೊಟ್ಟು ಓಡಿಸಿ. ಇಲ್ಲದಿದ್ದರೆ ಎನ್ವ್ ಫೈಲಿನ ಪಾಸ್‌ವರ್ಡುಗಳನ್ನೂ ತುಂಬಿಸಿ ಪೂರ್ತಿ ಫೈಲ್ ಪರದೆ ಮೇಲೆ ಬರುತ್ತದೆ. ಅದನ್ನು ಹಾಗೇ ವಾಟ್ಸ್ಆ್ಯಪ್‌ಗೆ ಹಾಕಿಬಿಟ್ಟರೆ ಕಷ್ಟ.

ಈಗ ಗಿಟ್ ಕಮಿಟ್‌ಗೆ ಮೊದಲು ಹ್ಯಾಡೋಲಿಂಟ್ ಮತ್ತು ಕಾಂಪೋಸ್ ಕಾನ್ಫಿಗ್ ಓಡುತ್ತವೆ. ಸರ್ವರ್‌ನಲ್ಲಿ ಬಿಲ್ಡ್‌ಗೆ ಮೊದಲು ಬಿಲ್ಡ್ ಚೆಕ್, ಆಮೇಲೆ ಟ್ರಿವಿ, ಹೈ ಮತ್ತು ಅದಕ್ಕಿಂತ ಮೇಲಿನದು ಇದ್ದರೆ ಮಾತ್ರ ನಿಲ್ಲಿಸುವಂತೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಹ್ಯಾಡೋಲಿಂಟ್ ಇಟ್ಟುಕೊಳ್ಳುತ್ತೇನೆ. ಪಿಡಿಎಫ್ ಟೂಲ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಇಂಥ ಯಾವ ತಪಾಸಣೆ ಟೂಲಿಗೂ ಬಿಟ್ಟಿಲ್ಲ. ಡಾಕರ್‌ಫೈಲಿನಲ್ಲಿ ಇನ್‌ಸ್ಟಾಲ್ ಆದ ಮೇಲೆ ಇನ್ನೊಂದು ರನ್ ಸಾಲಿದೆ. ಅದು ಆ ಟೂಲಿನ ಆವೃತ್ತಿ ಕೇಳುತ್ತದೆ, ಉತ್ತರ ಬರದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.