ಬ್ಯಾಕ್‌ಲಿಟ್ ಅಕ್ಷರವೋ, ಫ್ರಂಟ್‌ಲಿಟ್ ಅಕ್ಷರವೋ?

ಕಟ್ಟಡದ ಹೆಸರಿಗೆ ಅಕ್ಷರ ಮಾಡಿಸುವ ಮುಂಚೆ ಒಂದೇ ಅಕ್ಷರವನ್ನು ಎರಡೂ ಬಗೆಯಲ್ಲಿ, ಒಂದೇ ಎತ್ತರಕ್ಕೆ ಮಾಡಿಸಿ, ಕತ್ತಲಾದ ಮೇಲೆ ಗೋಡೆಗೆ ಹಿಡಿದು ನೋಡಿದೆ. ಕಂಪ್ಯೂಟರಿನಲ್ಲಿ ತೋರಿಸುವ ಡಿಸೈನ್ ಇದಕ್ಕೆ ಸಾಲದು. ಅಲ್ಲಿ ಎಂಥ ಗೋಡೆಯೂ ಚೆಂದವಾಗಿಯೇ ಬೆಳಗುತ್ತದೆ.

ಫ್ರಂಟ್‌ಲಿಟ್‌ನಲ್ಲಿ, ಅಂದರೆ ಮುಖವೇ ಬೆಳಗುವ ಅಕ್ಷರದಲ್ಲಿ, ಹೆಚ್ಚು ತಲೆನೋವಿಲ್ಲ. ಮುಂದೆ ಹಾಲುಬಿಳುಪಿನ ಅಕ್ರಿಲಿಕ್, ಒಳಗೆ ಎಲ್‌ಇಡಿ ಮಾಡ್ಯೂಲ್. ಗೋಡೆ ಯಾವ ಬಣ್ಣದ್ದಾದರೂ ದೂರದಿಂದ ಓದಬಹುದು. ಅಕ್ಷರದ ಆಳ ಕಡಿಮೆಯಾದರೆ ಮಾತ್ರ ಒಳಗಿನ ಎಲ್‌ಇಡಿಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ.

ಬ್ಯಾಕ್‌ಲಿಟ್ ಹಾಗಲ್ಲ. ಮುಖ ಸ್ಟೀಲಿನದೋ ಅಲ್ಯೂಮಿನಿಯಂನದೋ ಆಗಿರುತ್ತದೆ, ಬೆಳಕು ಹಿಂದಿನಿಂದ ಗೋಡೆಗೆ ಬಿದ್ದು ಅಕ್ಷರದ ಸುತ್ತ ಹರಡುತ್ತದೆ. ಅಂದರೆ ನಾವು ನೋಡುವುದು ಗೋಡೆಯನ್ನೇ. ತಿಳಿಬಣ್ಣದ ಮ್ಯಾಟ್ ಗೋಡೆಯ ಮೇಲೆ ಪ್ರಭೆ ನಯವಾಗಿ ಕೂತಿತು. ಅದೇ ಅಕ್ಷರವನ್ನು ಪಾಲಿಶ್ ಮಾಡಿದ ಗ್ರಾನೈಟಿಗೆ ಹಿಡಿದರೆ ಒಂದೊಂದು ಎಲ್‌ಇಡಿಯೂ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಕಟ್ಟಡದ ಮುಖಕ್ಕೆ ಹೊದಿಸುವ ಹೊಳಪಿನ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್) ಶೀಟ್‌ನದೂ ಅದೇ ಪಾಡು. ಕಡುಬಣ್ಣದ ಗೋಡೆ ಬೆಳಕನ್ನೆಲ್ಲ ನುಂಗಿಬಿಟ್ಟಿತು. ಗೋಡೆ ಬದಲಿಸಲಾಗದಿದ್ದರೆ ಅಕ್ಷರದ ಹಿಂದೆ ಮ್ಯಾಟ್ ಫಲಕ ಹಾಕಿಸುವುದೇ ದಾರಿ.

ಬ್ಯಾಕ್‌ಲಿಟ್ ಅಕ್ಷರವನ್ನು ಗೋಡೆಯಿಂದ ಅಂತರ ಬಿಟ್ಟು ನಿಲ್ಲಿಸುವ ಸ್ಪೇಸರ್ ವಿಷಯದಲ್ಲಿ ಚೌಕಾಸಿ ಬೇಡ. 25 ಮಿ.ಮೀ. ಅಂತರದಲ್ಲಿ ಅಂಚಿನ ಸುತ್ತ ಬೆಳಕು ಬಿಗಿಯಾಗಿ ಗೆರೆ ಎಳೆದಂತಿತ್ತು, 50 ಮಿ.ಮೀ.ಗೆ ಹೋದಾಗ ಮೆತ್ತಗಾಗಿ ಹರಡಿತು. ಆದರೆ ಫಲಕ ಎತ್ತರದಲ್ಲಿದ್ದರೆ, ಅಂತರ ಹೆಚ್ಚಿದಷ್ಟೂ ಕೆಳಗೆ ನಿಂತವರಿಗೆ ಒಳಗಿನ ವೈರು ಕಾಣುವ ಸಾಧ್ಯತೆ ಹೆಚ್ಚು. ಹಿಂಬದಿಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ ಮುಚ್ಚಿಸಿದರೆ ಆ ಮುಜುಗರ ತಪ್ಪುತ್ತದೆ.

ನಮ್ಮ ಲಿಪಿಗೆ ಎರಡರಲ್ಲೂ ಅದರದೇ ತೊಡಕಿದೆ. ಒತ್ತಕ್ಷರ, ದೀರ್ಘದ ಕೊಂಬು ಎಷ್ಟೋ ಫಾಂಟ್‌ಗಳಲ್ಲಿ ಬಿಡಿ ತುಂಡುಗಳು. ಪ್ರತಿ ತುಂಡಿಗೂ ಬೇರೆ ಪೆಟ್ಟಿಗೆ, ಬೇರೆ ವೈರು, ಗೋಡೆಯಲ್ಲಿ ಬೇರೆ ತೂತು. ಫ್ರಂಟ್‌ಲಿಟ್ ಒತ್ತಿನ ಎಳೆ ಸಣ್ಣಗಾದರೆ ಮಾಡ್ಯೂಲ್ ಕೂರಲು ಜಾಗವೇ ಇರುವುದಿಲ್ಲ. ಬ್ಯಾಕ್‌ಲಿಟ್‌ನಲ್ಲೋ, 'ಣ', 'ಕ್ಷ'ದಂಥ ಅಕ್ಷರಗಳ ಒಳಸಂದಿಗಳಲ್ಲಿ ಆಚೀಚಿನ ಬೆಳಕು ಬೆರೆತು ಆಕಾರವೇ ಮಸುಕಾಗುತ್ತದೆ. ಅಕ್ಷರಗಳ ನಡುವೆ ಮಾಮೂಲಿಗಿಂತ ಹೆಚ್ಚು ಜಾಗ ಬಿಡಿಸಿ, ದಪ್ಪ ಎಳೆಯ ಸರಳ ಫಾಂಟ್ ಆರಿಸಿ. ಅಲಂಕಾರದ ಫಾಂಟ್ ಮದುವೆ ಕಾರ್ಡಿಗಿರಲಿ.

ಅಕ್ಷರದ ಎತ್ತರಕ್ಕೆ ರೂಢಿಯ ಲೆಕ್ಕ: 3 ಮೀಟರ್ ದೂರಕ್ಕೆ 25 ಮಿ.ಮೀ. ಹಾಗಾಗಿ 30 ಮೀಟರ್ ದೂರದಿಂದ ಓದಬೇಕಾದರೆ 250 ಮಿ.ಮೀ. ಒತ್ತನ್ನು ಸೇರಿಸದೆ ಮೂಲಾಕ್ಷರವನ್ನಷ್ಟೇ ಅಳೆಯಿರಿ.

ಮುಖದಲ್ಲೂ ಬೆನ್ನಲ್ಲೂ ಬೆಳಕಿರುವ ಮೂರನೆಯ ಬಗೆಯನ್ನೂ ನೋಡಿದೆ. ನನ್ನ ಕಣ್ಣಿಗೆ ಅತಿಯೆನಿಸಿತು.

ಕಟ್ಟಡದ ನೆತ್ತಿಗೆ, ರಸ್ತೆಯಿಂದ ಓದಬೇಕಾದ ಹೆಸರಿಗೆ ನನ್ನ ಆಯ್ಕೆ ಫ್ರಂಟ್‌ಲಿಟ್. ಹತ್ತಿರದಿಂದ ನೋಡುವ ಬಾಗಿಲ ಬಳಿ, ಗೋಡೆ ಒಪ್ಪುವಂತಿದ್ದರೆ, ಬ್ಯಾಕ್‌ಲಿಟ್. ತಿಳಿ ಗೋಡೆಯ ಮೇಲೆ ಕಡುಬಣ್ಣದ ಅಕ್ಷರವಾದರೆ ಹಗಲಲ್ಲೂ ಎದ್ದು ಕಾಣುತ್ತದೆ, ಸ್ಟೀಲ್ ಬಣ್ಣದ್ದು ಅಷ್ಟಾಗಿ ಕಾಣದು. ರಿಪೇರಿಗೆ ಬ್ಯಾಕ್‌ಲಿಟ್ ಅಕ್ಷರವನ್ನು ಗೋಡೆಯಿಂದಲೇ ಕಳಚಬೇಕಾಗುತ್ತದೆ. ಎಲ್‌ಇಡಿಗೆ ಕರೆಂಟ್ ಕೊಡುವ ಪೆಟ್ಟಿಗೆಯನ್ನಾದರೂ (ಎಸ್‌ಎಂಪಿಎಸ್) ಕೈಗೆಟಕುವ ಕಡೆ ಇಡಿಸಿ, ಅದರ ಸಾಮರ್ಥ್ಯದ 80%ಕ್ಕಿಂತ ಹೆಚ್ಚು ಲೋಡ್ ಹಾಕಿಸಬೇಡಿ.